ಬ್ಯಾಟರಿ ರೂಮಿನ ಕುರ್ಚಿ

ಹೋದ ತಿಂಗಳು ಒಂದು ಮಧ್ಯಾಹ್ನ ಚಿಕ್ಕಬಳ್ಳಾಪುರದ ನನ್ನ ಕಚೇರಿಗೆ ಚಿಂತಾಮಣಿಯಿಂದ ಫೋನ್ ಬಂತು. ಅಲ್ಲಿನ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ನನ್ನ ಜೊತೆ ಕೆಲಸ ಮಾಡಿದ್ದ ಲೈನ್‌ಮನ್ ಮಾತಾಡುತ್ತಿದ್ದರು.

"ಅಮ್ಮಾ, ನಿಂತಿದೀರೋ ಕೂತಿದೀರೋ?"

ನಿಂತಿದ್ದೇನೆ ಎಂದೆ.

"ಕೂತ್ಕೊಳ್ಳಿ. ಅವಸರ ಇಲ್ಲ, ನಾನು ಲೈನಲ್ಲೇ ಇರ್ತೀನಿ."

ಕುರ್ಚಿ ಎಳೆದುಕೊಳ್ಳುವಷ್ಟರಲ್ಲಿ ನನಗೆ ವಿಷಯ ತಿಳಿದುಹೋಗಿತ್ತು. ಆ ಮಾತು ಅವರದಲ್ಲ, ನಮ್ಮ ಎಕ್ಸ್‌ಚೇಂಜಿನ ಹಿರಿಯ ಆಪರೇಟರ್ ಆಪಾ ಅವರದು. ಟ್ರಂಕ್ ಕಾಲ್‌ಗಳ ಕಾಲದಲ್ಲಿ ಸಾವಿನ ಸುದ್ದಿಯ ಕರೆ ಬಂದರೆ ಆಪಾ ಅದನ್ನು ಕೂಡಲೇ ಜೋಡಿಸುತ್ತಿರಲಿಲ್ಲ. ಸುದ್ದಿ ಕೇಳಬೇಕಾದವರಿಗೆ, "ನಿಮಗೆ ಊರಿಂದ ಕರೆ ಇದೆ, ಒಂದು ಕುರ್ಚಿ ತಗೊಳ್ಳಿ, ಕೂತ ಮೇಲೆ ಹೇಳಿ" ಎನ್ನುತ್ತಿದ್ದರು. ಕೂತದ್ದು ಖಾತ್ರಿಯಾದ ಮೇಲೆಯೇ ತಂತಿ ಸಿಕ್ಕಿಸುತ್ತಿದ್ದರು. ಅಷ್ಟು ಹೊತ್ತು ಆ ಕಡೆಯ ಆಪರೇಟರ್ ಬೈದರೂ ಕಿವಿಗೆ ಹಾಕಿಕೊಳ್ಳುತ್ತಿರಲಿಲ್ಲ. "ನಿಂತೋರು ಬೀಳ್ತಾರೆ, ಕೂತೋರು ಅಳ್ತಾರೆ. ಅಳೋದು ವಾಸಿ" ಎಂಬುದು ಅವರ ತೀರ್ಮಾನ. ಈಗ ಅವರ ಸಾವಿನ ಸುದ್ದಿಯೂ ಅವರದೇ ಪದ್ಧತಿಯಲ್ಲಿ ಬಂದಿತ್ತು.

ಕೂತು ಕೇಳಿದೆ. ಅನಂತರ ನಡೆದ ಒಂದು ಸಣ್ಣ ಸಂಗತಿಗೆ ನನಗೆ ಇನ್ನೂ ನಾಚಿಕೆಯಾಗುತ್ತಿದೆ. ಆಪಾ ಎಂಥವರೆಂದು ಹೇಳದೆ ಅದನ್ನು ಹೇಳಲು ಬರುವುದಿಲ್ಲ.

ಎಂ.ಎ. ಮುಗಿಸಿ ಲೆಕ್ಚರರ್ ಕೆಲಸಕ್ಕೆ ಅರ್ಜಿ ಹಾಕುತ್ತಾ ಕೂತಿದ್ದ ನನಗೆ ಎಂಬತ್ತರ ದಶಕದ ಕೊನೆಯಲ್ಲಿ ಸಿಕ್ಕಿದ್ದು ಟೆಲಿಫೋನ್ ಆಪರೇಟರ್ ಕೆಲಸ. ಚಿಂತಾಮಣಿಯಲ್ಲಿ ದೊಡ್ಡಮ್ಮನ ಮನೆಯಿತ್ತು, ಅಲ್ಲಿ ಉಳಿದುಕೊಂಡೆ. ಮೊದಲ ದಿನ ನನ್ನನ್ನು ಆಪಾ ಪಕ್ಕದ ಸ್ಟೂಲಿನಲ್ಲಿ ಕೂರಿಸಿದರು. ಅವರಿಗೆ ಆಗಲೇ ಐವತ್ತು ದಾಟಿತ್ತು. ದಪ್ಪ ಶರೀರ, ದಾರ ಕಟ್ಟಿದ ಕನ್ನಡಕ, ಉಗುರಿನಲ್ಲಿ ಯಾವಾಗಲೂ ಅರ್ಧ ಮಾಸಿದ ಗೋರಂಟಿ. ಎಕ್ಸ್‌ಚೇಂಜಿನಲ್ಲಿದ್ದ ಏಕೈಕ ಮುಸ್ಲಿಂ ನೌಕರರು ಅವರೇ. ಅಕ್ಕ ಎಂಬರ್ಥದ ಆ ಉರ್ದು ಪದವನ್ನು ಎಲ್ಲರೂ ಅವರ ಹೆಸರೆಂದೇ ಬಳಸುತ್ತಿದ್ದರು, ಅವರ ಮೇಲಧಿಕಾರಿಯಾದ ಸೂಪರ್‌ವೈಸರ್ ಕೂಡ.

ಕರೆಗಳನ್ನು ಜೋಡಿಸುವ ಬೋರ್ಡಿನ ಮುಂದೆ ಅವರ ದನಿ ಬೇರೆಯೇ ಆಗುತ್ತಿತ್ತು. ತರಕಾರಿ ಮಂಡಿಯವರೊಡನೆ ತೆಲುಗು, ರೇಷ್ಮೆ ವ್ಯಾಪಾರಿಗಳೊಡನೆ ಉರ್ದು, ಅಧಿಕಾರಿಗಳೊಡನೆ ಕನ್ನಡ, ಮದ್ರಾಸಿನ ಆಪರೇಟರ್ ಜೊತೆ ಇಬ್ಬರಿಗೆ ಮಾತ್ರ ತಿಳಿಯುವ ಒಂದು ಇಂಗ್ಲಿಷ್. ಫೋನಿನಲ್ಲಿ ಆ ದನಿ ಇಪ್ಪತ್ತರ ಹುಡುಗಿಯದು. ಒಮ್ಮೆ ಟೊಮೇಟೊ ಮಂಡಿಯ ಯುವಕನೊಬ್ಬ ಒಗೆದ ಶರ್ಟು ಹಾಕಿಕೊಂಡು, ಬುಕ್ ಮಾಡಿದ ಕಾಲ್ ವಿಚಾರಿಸುವ ನೆಪದಲ್ಲಿ ಎಕ್ಸ್‌ಚೇಂಜಿಗೇ ಬಂದ. ಕಿಟಕಿಯಲ್ಲಿ ಬಗ್ಗಿ ಆಪಾ ಅವರನ್ನು ನೋಡಿ, "ಅಮ್ಮಾ, ಬೆಳಗ್ಗೆ ಮಾತಾಡಿದ ಹುಡುಗಿ ಇಲ್ವಾ?" ಎಂದ.

"ಅವಳು ತಂತಿ ಒಳಗೇ ಇರ್ತಾಳಪ್ಪ, ಹೊರಗೆ ಬರಲ್ಲ," ಎಂದರು ಆಪಾ. "ಏನಾದ್ರೂ ಹೇಳ್ಬೇಕಾ?"

ಅವನು ಏನೂ ಹೇಳಬೇಕಾಗಿಲ್ಲ ಎಂದು ಹೊರಟುಹೋದ.

ಬೆಳಗಿನಿಂದ ಮಧ್ಯಾಹ್ನದವರೆಗೆ ಮಂಡಿಯ ಗದ್ದಲ. ಯಾವ ಊರಿನಲ್ಲಿ ಎಷ್ಟು ರೇಟು, ಎಷ್ಟು ಲಾರಿ, ಯಾರು ಯಾರಿಗೆ ಮಾತು ತಪ್ಪಿದರು. ಸಂಜೆ ರೇಷ್ಮೆಯವರು ಶುರುಮಾಡುತ್ತಿದ್ದರು. ಬೋರ್ಡಿನ ದೀಪಗಳು ಒಂದು ಆರಿದರೆ ಮೂರು ಉರಿಯುತ್ತಿದ್ದವು. ಈ ಎರಡು ಗದ್ದಲಗಳ ನಡುವೆ, ದೀಪಗಳು ಉರಿಯುತ್ತಿರುವಾಗಲೇ, ಆಪಾ ಕಿವಿಯ ಹೆಡ್‌ಸೆಟ್ ತೆಗೆದು ಕೊಕ್ಕೆಗೆ ಹಾಕಿ, ಸೆರಗನ್ನು ತಲೆಯ ಮೇಲೆಳೆದುಕೊಂಡು ಹಿಂದಿನ ಕೋಣೆಗೆ ಹೋಗುತ್ತಿದ್ದರು. ಅದಕ್ಕೆ ಬ್ಯಾಟರಿ ರೂಮು ಎಂದು ಹೆಸರು. ಬ್ಯಾಟರಿಗಳನ್ನು ಹೊಸ ಕೋಣೆಗೆ ಸಾಗಿಸಿ ಎಷ್ಟೋ ವರ್ಷವಾಗಿತ್ತು. ಒಂದು ಕಬ್ಬಿಣದ ಕುರ್ಚಿ, ಒಂದು ಖಾಲಿ ಮರದ ಪೆಟ್ಟಿಗೆ, ಹಿತ್ತಿಲ ಕಡೆಗೊಂದು ಕಿಟಕಿ, ಅಷ್ಟೇ ಉಳಿದಿತ್ತು. ಕಿಟಕಿಯಾಚೆ ರೇಷ್ಮೆ ನೂಲು ತೆಗೆಯುವ ಮನೆಯಿದ್ದದ್ದರಿಂದ ಬೇಯಿಸಿದ ಗೂಡಿನ ವಾಸನೆ ಸದಾ ಬರುತ್ತಿತ್ತು. ಬೇರೆ ಯಾರೂ ಆ ಕಡೆ ಸುಳಿಯುತ್ತಿರಲಿಲ್ಲ.

"ಆಪಾ ನಮಾಜಿಗೆ ಹೋಗಿದಾರೆ," ಎಂದು ಸೂಪರ್‌ವೈಸರ್ ದನಿ ತಗ್ಗಿಸುತ್ತಿದ್ದರು. ಮಾತುಮಾತಿಗೆ ಸಿಡುಕುವ ಮನುಷ್ಯ, ಆ ಹೊತ್ತಿನಲ್ಲಿ ಚಪ್ಪಲಿ ಸದ್ದು ಮಾಡದೆ ಓಡಾಡುತ್ತಿದ್ದರು. ಆಪಾ ಬರುವವರೆಗೆ ಅವರ ಬೋರ್ಡನ್ನೂ ನಾನೇ ನೋಡಿಕೊಳ್ಳಬೇಕಿತ್ತು. ಕಷ್ಟವಾಗುತ್ತಿತ್ತು, ಆದರೆ ದೇವರ ಕೆಲಸಕ್ಕೆ ಯಾರು ಗೊಣಗುತ್ತಾರೆ?

ಜನ ಅವರ ಪ್ರಾರ್ಥನೆಯಲ್ಲಿ ಪಾಲನ್ನೂ ಕೇಳುತ್ತಿದ್ದರು. ಹೆಂಡತಿಗೆ ಹೆರಿಗೆ ದಿನ ಹತ್ತಿರವಾದಾಗ ಲೈನ್‌ಮನ್ ಬಾಗಿಲ ಬಳಿ ಕಾದು ನಿಂತು, "ಆಪಾ, ಒಳಗೆ ಹೋದಾಗ ನಮ್ಮನ್ನೂ ಒಂಚೂರು ನೆನೆಸ್ಕೊಳ್ಳಿ" ಎಂದಿದ್ದರು. ಮಂಡಿಯ ಶೆಟ್ಟರು ರೇಟು ಕೇಳಿದ ಮೇಲೆ ಫೋನಿನಲ್ಲೇ ತಮ್ಮ ಮೊಣಕಾಲಿನ ವಿಷಯ ತೆಗೆಯುತ್ತಿದ್ದರು. ಆಪಾ ಎಲ್ಲದಕ್ಕೂ "ಆಯ್ತು" ಎನ್ನುತ್ತಿದ್ದರು. ಆಗ ಮಾತ್ರ ಅವರು ಎದುರಿನವರ ಮುಖ ನೋಡುತ್ತಿರಲಿಲ್ಲ. ಅದು ವಿನಯ ಎಂದುಕೊಂಡಿದ್ದೆ.

ಒಂದು ದಿನ ಮದ್ರಾಸಿನ ಆಪರೇಟರ್ ಆಪಾ ಹೊರತು ಬೇರೆ ಯಾರೊಡನೆಯೂ ಮಾತಾಡುವುದಿಲ್ಲವೆಂದು ಹಟ ಹಿಡಿದ. ತುರ್ತು ಕರೆ. ನಾನು ಬ್ಯಾಟರಿ ರೂಮಿನ ಬಾಗಿಲು ತಟ್ಟಿದೆ. ಉತ್ತರ ಬರದಿದ್ದಾಗ ತೆರೆದೆ.

ಆಪಾ ಕುರ್ಚಿಗೆ ಒರಗಿ, ಎರಡೂ ಕಾಲುಗಳನ್ನು ಮರದ ಪೆಟ್ಟಿಗೆಯ ಮೇಲೆ ಚಾಚಿ ಕೂತಿದ್ದರು. ಚಪ್ಪಲಿ ಪಕ್ಕದಲ್ಲಿದ್ದವು. ಸೀರೆ ಕಣಕಾಲಿನಿಂದ ಮೇಲೆ ಸರಿದಿತ್ತು. ಕೈಗಳು ತೊಡೆಯ ಮೇಲೆ ಬಿದ್ದಿದ್ದವು, ಯಾರೋ ಅಲ್ಲಿ ಇಟ್ಟು ಮರೆತಂತೆ. ಕಣ್ಣು ತೆರೆದಿತ್ತು, ಆದರೆ ಏನನ್ನೂ ನೋಡುತ್ತಿರಲಿಲ್ಲ.

"ಹುಷಾರಿಲ್ವಾ ಆಪಾ?" ಎಂದೆ.

"ಹುಷಾರಾಗೇ ಇದೀನಿ ಬೇಟಿ. ಅದಕ್ಕೇ ಕೂತಿರೋದು," ಎಂದರು. "ಬಾಗಿಲು ಹಾಕು, ಬರ್ತೀನಿ."

ಸ್ನಾನದ ಮನೆಯ ಬಾಗಿಲು ತೆರೆದವಳಂತೆ ನನಗೆ ಮೈಯೆಲ್ಲ ಸಂಕೋಚವಾಯಿತು. ಸಂಜೆಯವರೆಗೆ ಅವರ ಕಡೆ ತಿರುಗಲಿಲ್ಲ.

ಡ್ಯೂಟಿ ಮುಗಿದ ಮೇಲೆ ಅವರೇ ನನ್ನ ಜೊತೆ ಹೆಜ್ಜೆ ಹಾಕಿದರು. ರಸ್ತೆಗೆ ಬಂದ ಮೇಲೆ, "ಒಂದು ಮಾತು ಕೇಳ್ತೀನಿ. ಕುರ್ಚಿ ಮೇಲೆ ಕಾಲು ಚಾಚ್ಕೊಂಡು ಯಾರಾದ್ರೂ ನಮಾಜ್ ಮಾಡ್ತಾರಾ?" ಎಂದರು.

ಗೊತ್ತಿಲ್ಲ ಎಂದೆ. ನಿಜವಾಗಿಯೂ ಗೊತ್ತಿರಲಿಲ್ಲ.

"ನೋಡು, ಎಂ.ಎ. ಓದಿದ ನಿನಗೂ ಗೊತ್ತಿಲ್ಲ. ಸೂಪರ್‌ವೈಸರ್ ಸಾಹೇಬರಿಗೆ ಹೇಗೆ ಗೊತ್ತಿರುತ್ತೆ?" ಎಂದು ನಕ್ಕರು.

ನಾನು ಹುಟ್ಟಿ ಬೆಳೆದ ಬೀದಿಯ ತುದಿಯಲ್ಲೇ ಮಸೀದಿಯಿತ್ತು. ಹಬ್ಬದ ದಿನ ಆ ಮನೆಗಳಿಂದ ಬರುತ್ತಿದ್ದ ಶ್ಯಾವಿಗೆ ಪಾಯಸ ತಿಂದಿದ್ದೆ. ಪಕ್ಕದ ಮನೆಯವರು ದೇವರ ಮುಂದೆ ಹೇಗೆ ನಿಲ್ಲುತ್ತಾರೆ, ಹೇಗೆ ಬಾಗುತ್ತಾರೆ ಎಂದು ಒಮ್ಮೆಯೂ ಕೇಳಿರಲಿಲ್ಲ. ಕೇಳದಿರುವುದನ್ನೇ ಮರ್ಯಾದೆ ಎಂದುಕೊಂಡಿದ್ದೆವು.

ಆಪಾ ಹೇಳಿದ್ದು ಇಷ್ಟು. ಅವರ ಮನೆಯಲ್ಲಿ ಅತ್ತೆ, ಮೈದುನಂದಿರು, ಮಕ್ಕಳು, ದೊಡ್ಡ ಸಂಸಾರ. ಬೆಳಕು ಹರಿಯುವ ಮೊದಲು ಎದ್ದರೆ ಮಲಗುವವರೆಗೆ ಕೂರುವುದು ಬೋರ್ಡಿನ ಮುಂದೆ ಮಾತ್ರ. ಹಿಂದೊಮ್ಮೆ, ತೀರಾ ಸುಸ್ತಾದ ಒಂದು ಮಧ್ಯಾಹ್ನ, ಸೆರಗು ಹೊದ್ದು ಆ ಕೋಣೆಯಲ್ಲಿ ಕಣ್ಣು ಮುಚ್ಚಿ ಕೂತಿದ್ದರು. ಸೂಪರ್‌ವೈಸರ್ ಗದರಿಸಲೆಂದೇ ಬಾಗಿಲು ತೆರೆದವರು, ನೋಡಿ, "ತಪ್ಪಾಯ್ತಮ್ಮ, ಪ್ರಾರ್ಥನೆ ಮುಗಿಸ್ಕೊಂಡು ಬನ್ನಿ" ಎಂದು ಹಿಂದೆ ಸರಿದರು.

"ಆವತ್ತು ಅವರು ಆ ಬಾಗಿಲು ಎಷ್ಟು ಮೆತ್ತಗೆ ಹಾಕಿದ್ರು ಗೊತ್ತಾ?" ಎಂದರು ಆಪಾ. "ನನ್ನ ಜೀವನದಲ್ಲಿ ಯಾರೂ ನನಗೋಸ್ಕರ ಅಷ್ಟು ಮೆತ್ತಗೆ ಬಾಗಿಲು ಹಾಕಿರ್ಲಿಲ್ಲ. ಅಲ್ಲ ಸಾರ್ ಅನ್ನೋಕೆ ಬಾಯಿ ಬರ್ಲಿಲ್ಲ. ಮಾರನೇ ದಿನವೂ ಬರ್ಲಿಲ್ಲ. ಆಮೇಲೆ ಹೇಳೋ ಕಾಲ ಕಳೆದುಹೋಯ್ತು."

ನಮಾಜನ್ನು ಅವರು ಮನೆಯಲ್ಲಿ ತಪ್ಪದೆ ಮಾಡುತ್ತಿದ್ದರು. ಡ್ಯೂಟಿಯಲ್ಲಿ ತಪ್ಪಿದ್ದನ್ನೂ ಮನೆಗೆ ಹೋಗಿ ತೀರಿಸುತ್ತಿದ್ದರು. ಅದರ ಮೇಲೆ ಊರಿನವರು ಕೇಳಿಕೊಂಡಿದ್ದನ್ನೆಲ್ಲ ಒಂದೊಂದಾಗಿ ನೆನೆಸಿ ದುವಾ ಮಾಡುತ್ತಿದ್ದರು. ಒಪ್ಪಿಕೊಂಡ ಮೇಲೆ ಬಿಡುವಂತಿಲ್ಲವಲ್ಲ. "ಸುಮ್ನೆ ಕೂತ ತಪ್ಪಿಗೆ ಊರೋರ ಮೊಣಕಾಲೆಲ್ಲ ನನ್ನ ತಲೆ ಮೇಲೆ ಬಿದ್ದಿದೆ," ಎಂದರು. ತಮಾಷೆಯಾಗಿಯೇ ಹೇಳಿದರು. ಆದರೆ ದೇವರ ಹೆಸರಿನಲ್ಲಿ ಕೂರುತ್ತಿದ್ದೇನೆ ಎಂಬ ನಾಚಿಕೆ ಅವರನ್ನು ಒಂದು ದಿನವೂ ಬಿಟ್ಟಿರಲಿಲ್ಲ ಎಂಬುದು ಅವರ ದನಿಯಲ್ಲಿ ಗೊತ್ತಾಗುತ್ತಿತ್ತು. ತಂತಿಯೊಳಗಿನ ಹುಡುಗಿಯ ದನಿ ಅದಲ್ಲ.

"ಹಾಗಾದ್ರೆ ಬಿಟ್ಟುಬಿಡಬಹುದಲ್ಲ ಆಪಾ?"

"ಬಿಟ್ಟು ನೋಡಿದೀನಿ. ಎರಡು ದಿನ. ಮೂರನೇ ದಿನ ಮಗನಿಗೆ ಹೊಡೆದೆ, ಏನೂ ಮಾಡಿರ್ಲಿಲ್ಲ ಅವನು." ಆಮೇಲೆ ಹೇಳಿದರು: "ನಾವು ಕಿವಿಗೆ ಹಾಕ್ಕೊಂಡು ಕೂರೋದು ಬೇರೆಯವರ ಮಾತು ಬೇಟಿ. ಅವರ ಜಗಳ, ಅವರ ಅವಸರ. ಹೆಡ್‌ಸೆಟ್ ತೆಗೆದ್ರೂ ಅದು ಕಿವೀಲೇ ಇರುತ್ತೆ. ಕೂತಿದ್ರೆ ಒಂದೊಂದೇ ಇಳಿದು ಹೋಗುತ್ತೆ. ಇಲ್ಲಿ ಇಳಿಸದಿದ್ರೆ ಮನೇಗೆ ಹೋಗಿ ಯಾರ ಮೇಲೋ ಇಳಿಸ್ತೀವಿ."

ಮಾರನೆಯ ದಿನ ಕೋಣೆಯಿಂದ ಬಂದವರೇ, "ಈಗ ನೀನು ಹೋಗು, ನಿನ್ನ ಬೋರ್ಡ್ ನಾನು ನೋಡ್ಕೋತೀನಿ" ಎಂದರು.

"ಏನಂತ ಹೇಳಿ ಹೋಗ್ಲಿ?"

ಆಪಾ ಯೋಚಿಸಿದರು. "ಅದೇ ಕಷ್ಟ. ನೋವು ಅಂದ್ರೆ ಬಿಡ್ತಾರೆ, ದೇವರು ಅಂದ್ರೆ ಬಿಡ್ತಾರೆ. ಸುಮ್ನೆ ಅಂದ್ರೆ ಬಿಡಲ್ಲ. ತಲೆನೋವು ಅನ್ನು."

ಹೀಗೆ ನನಗೆ ತಲೆನೋವು ಬಂತು. ಎಕ್ಸ್‌ಚೇಂಜಿನಲ್ಲಿ ಅದು ಪ್ರಸಿದ್ಧವಾಯಿತು. ಸೂಪರ್‌ವೈಸರ್ ಮನೆಯಿಂದ ಕಷಾಯ ಬಂತು, ಲೈನ್‌ಮನ್ ಯಾವುದೋ ಬೇರು ತಂದುಕೊಟ್ಟರು. ಎಲ್ಲವನ್ನೂ ತಲೆ ತಗ್ಗಿಸಿ ತೆಗೆದುಕೊಂಡೆ. ನನ್ನ ಸುಳ್ಳಿಗೆ ಆಪಾ ಅವರ ಸುಳ್ಳಿಗಿದ್ದ ಘನತೆಯೂ ಇರಲಿಲ್ಲ.

ಕೂರಲು ನನಗೆ ಬರುತ್ತಲೂ ಇರಲಿಲ್ಲ. ದೊಡ್ಡಮ್ಮನ ಮನೆಯಲ್ಲಿ ಖಾಲಿ ಕೈಯಲ್ಲಿ ಕೂತ ಹೆಣ್ಣು ಎಂದರೆ ಸರಿಪಡಿಸಬೇಕಾದ ವಸ್ತು. "ಸುಮ್ನೆ ಕೂತಿದೀಯಲ್ಲೇ, ಈ ಹೂವಾದ್ರೂ ಕಟ್ಟೇ" ಎಂದು ದೊಡ್ಡಮ್ಮ ಮಡಿಲಿಗೇ ಹೂವು ಸುರಿಯುತ್ತಿದ್ದರು. ಬ್ಯಾಟರಿ ರೂಮಿನಲ್ಲಿ ಮೊದಮೊದಲು ನಾನು ಕಿಟಕಿಯ ಧೂಳು ಒರೆಸಿದೆ, ಮೂಲೆ ಗುಡಿಸಿದೆ, ಟಿಫನ್ ಡಬ್ಬಿ ತೊಳೆದೆ. ಒಮ್ಮೆ ಆಪಾ ಏನೋ ಕೇಳಲು ಬಂದು ನೋಡಿದರೆ ಕುರ್ಚಿಯ ಮೇಲೆ ಕೂತು ಸೆರಗಿನ ಅಂಚನ್ನು ಒಂದೇ ಸಮನೆ ಮಡಿಸುತ್ತಿದ್ದೆ. "ಕೈ ನೋಡು, ಇನ್ನೂ ಯಾರದೋ ಮನೆ ಚಾಕರಿ ಮಾಡ್ತಿದೆ," ಎಂದು ನನ್ನ ಕೈಗಳನ್ನು ಹಿಡಿದು ತೊಡೆಯ ಮೇಲೆ ಇಟ್ಟು ಹೋದರು.

ಎಷ್ಟೋ ವಾರಗಳ ನಂತರ ಒಂದು ದಿನ, ಬೆಳಗಿನಿಂದ ಕಿವಿಯಲ್ಲಿ ಕೂಗುತ್ತಿದ್ದ ಯಾವನೋ ವ್ಯಾಪಾರಿಯ "ಹಲೋ, ಹಲೋ" ಮೆಲ್ಲಗೆ ಸಣ್ಣದಾಗಿ ನಿಂತುಹೋಯಿತು. ಅದು ನಿಂತ ಜಾಗದಲ್ಲಿ ಗೋಡೆಯಾಚೆ ನೂಲಿನ ರಾಟೆ ತಿರುಗುವ ಸದ್ದು ಕೇಳಿಸಿತು. ಅದು ಅಲ್ಲಿ ದಿನವೂ ತಿರುಗುತ್ತಿತ್ತು. ನಾನು ಕೇಳಿದ್ದು ಆವತ್ತೇ. ಬೋರ್ಡಿಗೆ ಹಿಂದಿರುಗಿದಾಗ ಆಪಾ ನನ್ನ ಮುಖ ನೋಡಿದರು. ನನ್ನ ದೀಪಗಳನ್ನು ನನಗೆ ಬಿಟ್ಟುಕೊಟ್ಟರು.

ಕೆಲವು ವರ್ಷಗಳ ಮೇಲೆ ನಮ್ಮ ಎಕ್ಸ್‌ಚೇಂಜ್ ತಾನೇ ತಾನಾಗಿ ಕೆಲಸ ಮಾಡುವ ಯಂತ್ರಕ್ಕೆ ಬದಲಾಗುವ ಹೊತ್ತಿಗೆ ಆಪಾ ನಿವೃತ್ತರಾದರು. ಬೀಳ್ಕೊಡುಗೆಯ ದಿನ ಬೆಳಗ್ಗೆ ಅವರು ನನ್ನನ್ನು ಹಿತ್ತಿಲಿಗೆ ಕರೆದರು. ಎಲ್ಲರೂ ಸೇರಿ ಅವರಿಗೆ ಹಸಿರು ಮಖಮಲ್ಲಿನ ಜಾನಮಾಜ್, ನಮಾಜಿಗೆ ಹಾಸುವ ಚಾಪೆ, ತಂದಿದ್ದಾರೆಂದು ಅವರಿಗೆ ತಿಳಿದುಹೋಗಿತ್ತು.

"ಅದನ್ನ ಹೇಗೆ ತಗೊಳ್ಲಿ?" ಎಂದರು. "ಎಲ್ಲಾ ಹೇಳಿಬಿಡ್ತೀನಿ."

"ಇವತ್ತೊಂದು ದಿನ ತಾನೇ ಆಪಾ. ತಗೊಂಡುಬಿಡಿ. ಮನೇಲಿ ಉಪಯೋಗಿಸ್ತೀರಲ್ಲ."

"ನನಗೆ ನಾಚಿಕೆ ಆದ್ರೆ ತಡ್ಕೋತೀನಿ. ಹೇಳಿದ್ರೆ ಇನ್ನೊಂದು ಭಯ. ನಾಳೆ ಇಲ್ಲಿಗೆ ನಮ್ಮವರು ಯಾರೋ ಕೆಲಸಕ್ಕೆ ಬರ್ತಾರೆ, ನಿಜವಾಗಿ ನಮಾಜಿಗೆ ಜಾಗ ಕೇಳ್ತಾರೆ. ಆಗ ಇವರು ಏನಂತಾರೆ? ಗೊತ್ತು ಹೋಗಪ್ಪ, ನಿಮ್ಮ ನಮಾಜು ನೋಡಿದೀವಿ ಅಂತಾರೆ."

ಹೊರಗೆ ಊರುಗಳಲ್ಲಿ ಜನ ಒಬ್ಬರನ್ನೊಬ್ಬರು ಅನುಮಾನದಿಂದ ನೋಡಲು ಕಲಿಯುತ್ತಿದ್ದ ಕಾಲ ಅದು.

ಸಮಾರಂಭದಲ್ಲಿ ಸೂಪರ್‌ವೈಸರ್ ಮಾತಾಡಿದರು. ಎಂಥ ಗದ್ದಲದಲ್ಲೂ ದೇವರನ್ನು ಮರೆಯದ ಹೆಣ್ಣುಮಗಳು ಎನ್ನುವಾಗ ಅವರು ಕರವಸ್ತ್ರ ತೆಗೆದು ಕಣ್ಣೊರೆಸಿಕೊಂಡರು. ನಿಜವಾದ ಗೌರವ ಅದು, ಅದಕ್ಕೇ ಕೂತು ಕೇಳುವುದು ಅಸಾಧ್ಯವಾಗಿತ್ತು. ಜಾನಮಾಜನ್ನು ಎರಡೂ ಕೈಯಲ್ಲಿ ಹಿಡಿದು ಕೊಟ್ಟರು. ಆಪಾ ಅದನ್ನು ತೆಗೆದುಕೊಂಡು ಮೇಜಿನ ಮೇಲಿಟ್ಟರು.

"ನಾನು ಆ ಕೋಣೇಲಿ ನಮಾಜ್ ಮಾಡ್ತಿರ್ಲಿಲ್ಲ," ಎಂದರು. "ನಮಾಜ್ ಮನೇಲಿ ಮಾಡ್ತೀನಿ. ನೀವು ಕೇಳಿದ್ದೆಲ್ಲ ಮನೇಲಿ ಕೇಳ್ಕೊಂಡಿದೀನಿ, ಒಂದೂ ಬಿಟ್ಟಿಲ್ಲ. ಇಲ್ಲಿ ಬರೀ ಕೂತಿರ್ತಿದ್ದೆ. ಸುಸ್ತಾಗ್ತಿತ್ತು. ನೀವು ನಮಾಜ್ ಅಂದ್ಕೊಂಡ್ರಿ, ನಾನು ಸುಮ್ನಾದೆ. ನಾನೊಬ್ಬಳೇ ಮಾಡಿದ ತಪ್ಪು ಇದು. ಮುಂದೆ ಯಾರಾದ್ರೂ ಪ್ರಾರ್ಥನೆಗೆ ಜಾಗ ಕೇಳಿದ್ರೆ ನನ್ನ ನೆನೆಸ್ಕೊಂಡು ಇಲ್ಲ ಅನ್ನಬೇಡಿ. ಸುಳ್ಳು ನನ್ನದು, ನಮಾಜಿನದಲ್ಲ."

ನಾನೊಬ್ಬಳೇ ಎನ್ನುವಾಗ ಅವರು ನನ್ನ ಕಡೆ ನೋಡಲಿಲ್ಲ. ನಾನು ನನ್ನ ತಲೆನೋವಿನೊಡನೆ ಮೂರನೇ ಸಾಲಿನಲ್ಲಿ ಕೂತಿದ್ದೆ, ಕೂತೇ ಇದ್ದೆ.

ಸೂಪರ್‌ವೈಸರ್ ಮುಖ ಕಪ್ಪಿಟ್ಟಿತು. ಆಗ ಹಿಂದಿನಿಂದ ಲೈನ್‌ಮನ್, ಗಾಬರಿಯಾದಾಗ ಅವರಿಗೆ ಬರುವ ತೆಲುಗಿನಲ್ಲಿ, "ನಾಕು ತೆಲುಸು ಆಪಾ" ಎಂದರು. ನನಗೆ ಗೊತ್ತು ಎಂದರ್ಥ. ಎಲ್ಲರೂ ತಿರುಗಿದಾಗ ಕನ್ನಡಕ್ಕೆ ಬಂದರು. "ಹಿತ್ತಿಲ ಕಂಬ ಹತ್ತಿದ್ರೆ ಆ ಕಿಟಕಿ ಕಾಣುತ್ತೆ. ಮೊದಲಿಂದ್ಲೂ ನೋಡಿದೀನಿ, ಪೆಟ್ಟಿಗೆ ಮೇಲೆ ಕಾಲಿಟ್ಕೊಂಡು ಕೂರ್ತಿದ್ರಿ."

"ಮತ್ಯಾಕಯ್ಯಾ ಹೆಂಡತಿ ಹೆರಿಗೇಗೆ ಅವರನ್ನ ಕೇಳ್ಕೊಂಡೆ?" ಎಂದರು ಸೂಪರ್‌ವೈಸರ್.

"ಇನ್ಯಾರ್ನ ಕೇಳ್ಲಿ ಸಾರ್? ನೆನೆಸ್ಕೊಳ್ಳೋಕೆ ಪುರುಸೊತ್ತಿದ್ದೋರು ಅವರೊಬ್ರೇ."

ಕೆಲವರು ನಕ್ಕರು. ಆಪಾ ನಗಲಿಲ್ಲ. ಅಷ್ಟು ವರ್ಷ ಯಾರಿಗೂ ಕಾಣದೆ ಕೂತಿದ್ದೇನೆ ಎಂದುಕೊಂಡವರು, ಬರಿಗಾಲು ಚಾಚಿದ್ದನ್ನು ಒಬ್ಬ ಗಂಡಸು ನೋಡಿದ್ದನೆಂದು ಕೇಳಿ ಸೆರಗನ್ನು ತಲೆಯ ಮೇಲೆಳೆದುಕೊಂಡರು. ಜಾನಮಾಜನ್ನು ಕೊನೆಗೆ ಲೈನ್‌ಮನ್ನೇ ಅವರ ಮನೆಗೆ ತಲುಪಿಸಿದರು.

ಮುಂದಿನ ವಾರ ಬ್ಯಾಟರಿ ರೂಮಿಗೆ ಬೀಗ ಬಿತ್ತು. ನನ್ನ ತಲೆನೋವು ವಾಸಿಯಾಯಿತು. ಸ್ವಲ್ಪ ಕಾಲದಲ್ಲಿ ಚಿಕ್ಕಬಳ್ಳಾಪುರಕ್ಕೆ ವರ್ಗವಾಗಿ ಬಿಲ್ ವಿಭಾಗಕ್ಕೆ ಬಂದೆ.

ಈಗ ಹೋದ ತಿಂಗಳಿನ ಮಾತು. ಲೈನ್‌ಮನ್ ಫೋನ್ ಇಟ್ಟ ಮೇಲೆ ನಾನು ಕಚೇರಿಯ ಹಳೇ ದಾಖಲೆಗಳ ಕೋಣೆಗೆ ಹೋಗಿ ಒಂದು ಕುರ್ಚಿಯಲ್ಲಿ ಕೂತೆ. ಅತ್ತೆನೆಂದು ಹೇಳಲಾರೆ. ಕೈಗಳನ್ನು ತೊಡೆಯ ಮೇಲಿಟ್ಟು, ಆಪಾ ಅವರ ದನಿ ಕಿವಿಯಿಂದ ಇಳಿಯಬಾರದೆಂದು ಕೂತಿದ್ದೆ. ಹೊಸದಾಗಿ ಕೆಲಸಕ್ಕೆ ಸೇರಿದ ಹುಡುಗಿ ಫೈಲು ಹುಡುಕುತ್ತಾ ಬಾಗಿಲು ತೆರೆದು, ಗಕ್ಕನೆ ನಿಂತಳು.

"ಸಾರಿ ಮೇಡಂ. ಧ್ಯಾನ ಮಾಡ್ತಿದ್ರಾ?"

ನಾನು ಹೌದೆಂದು ತಲೆಯಾಡಿಸಿದೆ.

ಅವಳು ಹಿಂದೆ ಸರಿದು ಬಾಗಿಲು ಹಾಕಿದಳು. ಎಷ್ಟು ಮೆತ್ತಗೆ ಹಾಕಿದಳೆಂದರೆ ಚಿಲಕ ಕೂತ ಸದ್ದೂ ಕೇಳಲಿಲ್ಲ. ಆಪಾ ತೀರಿಕೊಂಡ ದಿನವೇ, ಅವರು ಎಲ್ಲರ ಮುಂದೆ ನಿಂತು ಇಳಿಸಿಹೋದ ಸುಳ್ಳನ್ನು ನಾನು ಕೂತಲ್ಲೇ ಎತ್ತಿಕೊಂಡಿದ್ದೆ, ಅದೂ ತಲೆಯಾಡಿಸುವಷ್ಟು ಸುಲಭವಾಗಿ. ಎದ್ದು ಬಾಗಿಲು ತೆರೆದು ಅವಳನ್ನು ಕರೆದೆ.

"ಧ್ಯಾನ ಅಲ್ಲಮ್ಮ. ಸುಮ್ನೆ ಕೂತಿದ್ದೆ."

ಅವಳು ನನ್ನನ್ನು ಮೇಲಿಂದ ಕೆಳಗೆ ನೋಡಿದಳು. "ಯಾಕೆ ಮೇಡಂ, ಹುಷಾರಿಲ್ವಾ?"

ಉತ್ತರ ನನಗೆ ಬಾಯಿಪಾಠವಾಗಿತ್ತು. ಆದರೂ ಆಪಾ ಹೇಳಿದಷ್ಟು ಸಲೀಸಾಗಿ ಬರಲಿಲ್ಲ. "ಹುಷಾರಾಗೇ ಇದೀನಿ," ಎಂದೆ. ಮುಖ ಬಿಸಿಯಾಗುತ್ತಿತ್ತು. ಬಾಗಿಲನ್ನು ಪೂರ್ತಿ ತೆರೆದಿಟ್ಟು, ಅವಳಿಗೆ ಕಾಣುವ ಹಾಗೆ, ಹೋಗಿ ಮತ್ತೆ ಅದೇ ಕುರ್ಚಿಯಲ್ಲಿ ಕೂತೆ.